ಗಫೂರ್ ಸಾಹೇಬರ ಸೀಮೆಸುಣ್ಣ

ತನ್ನ ಮಜ್ಜಿಗೆ ಹುಳಿ ಎಂದು ಯಾರೂ ಹೇಳಿಕೊಳ್ಳುವುದಿಲ್ಲ ಎಂಬುದು ಗಾದೆ. ಆ ಗಾದೆ ಕಟ್ಟಿದವರು ಗಫೂರ್ ಸಾಹೇಬರ ಅಂಗಡಿಗೆ ಬಂದಿರಲಿಲ್ಲ, ಅಷ್ಟೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಮೋಟಾರು ಎಂಜಿನ್ನುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಅವರು ತಮ್ಮ ಸಾಮಾನನ್ನು ತಾವೇ ಬೈಯುತ್ತಿದ್ದರು. ಅದೂ ಗಿರಾಕಿಯ ಎದುರಿಗೇ.

"ಇದಾ? ಇದು ಸೋಮಾರಿ. ಬೆಳಗ್ಗೆ ಏಳಲ್ಲ. ಅದಾ? ಅದು ಎಣ್ಣೆ ಕುಡಿಯುತ್ತೆ. ಎಷ್ಟು ಹಾಕಿದ್ರೂ ಇನ್ನೂ ಬೇಕು ಅನ್ನುತ್ತೆ. ಆ ಮೂಲೇಲಿರೋದನ್ನ ನೋಡ್ಲೇಬೇಡಿ, ಅದನ್ನ ತಂದಿದ್ದೇ ನನ್ನ ತಪ್ಪು."

ಬಾಯಲ್ಲಿ ಬೈಗುಳ, ಕೈಯಲ್ಲಿ ಸೀಮೆಸುಣ್ಣ. ಎಂಜಿನ್ನಿನ ಮೈಮೇಲೆ ಎಲ್ಲೆಲ್ಲಿ ಊನವಿದೆಯೋ ಅಲ್ಲೆಲ್ಲ ಒಂದೊಂದು ಬಿಳಿಯ ಸೊನ್ನೆ ಬರೆದಿಡುತ್ತಿದ್ದರು. ಬಿರುಕು ಕಂಡರೆ ಸೊನ್ನೆ, ಎಣ್ಣೆ ಜಿನುಗಿದರೆ ಸೊನ್ನೆ, ಬೋಲ್ಟಿನ ತಿರುಪು ಸವೆದಿದ್ದರೆ ಸೊನ್ನೆ. ಊನಕ್ಕೆ ಅವರ ಮಾತು ಐಬು. ಬೇರೆ ಅಂಗಡಿಗಳವರು ಎಂಜಿನ್ನಿಗೆ ಬಣ್ಣ ಬಳಿದು ಬಾಗಿಲಲ್ಲಿ ಇಡುತ್ತಿದ್ದರೆ, ಇವರ ಅಂಗಡಿಯೊಳಗಿನ ಎಂಜಿನ್ನುಗಳು ಮೈತುಂಬ ಸಿಡುಬು ಎದ್ದವರಂತೆ ಸಾಲಾಗಿ ಕೂತಿರುತ್ತಿದ್ದವು.

ಸಾಹೇಬರು ಎತ್ತರದ ಮನುಷ್ಯ. ಬನಿಯನ್ನಿನ ಮೇಲೆ ಒಂದು ಕರಿಯ ವೇಸ್ಟ್‌ಕೋಟು, ಕೆಳಗೆ ಚೌಕುಳಿ ಲುಂಗಿ. ಬೇಸಿಗೆಯಾಗಲಿ ಚಳಿಗಾಲವಾಗಲಿ ಆ ವೇಸ್ಟ್‌ಕೋಟು ಮೈಬಿಟ್ಟು ಇಳಿದಿದ್ದನ್ನು ನಾನು ಕಾಣೆ. ಅದರ ಜೇಬು ಸೀಮೆಸುಣ್ಣದ ಪುಡಿಯಿಂದ ಸದಾ ಬೆಳ್ಳಗೆ. ಅಂಗಡಿಯ ಹಿಂಭಾಗದಲ್ಲೇ ಮನೆ. ನಡುವೆ ಗೋಣಿಯ ಪರದೆ. ಸಾಹೇಬರು ಇತ್ತ ಎಂಜಿನ್ನನ್ನು ಬೈದರೆ ಪರದೆಯ ಅತ್ತ ಕಡೆಯಿಂದ ಅವರ ಹೆಂಡತಿ ಜೈನಾಬಿ ಅವರನ್ನು ಬೈಯುತ್ತಿದ್ದರು. ನಾವೆಲ್ಲ ಅವರನ್ನು ಚಾಚಿ ಎನ್ನುತ್ತಿದ್ದೆವು.

"ನಿಕಾದ ದಿನ ಕಾಜಿ ಮುಂದೇನೇ, 'ನಂಗೆ ಗೊರಕೆ ಇದೆ, ಹುಡುಗಿಗೆ ಮೊದ್ಲೇ ಹೇಳ್ಬಿಡಿ' ಅಂದ ಮನುಷ್ಯ ಇವರು" ಎಂದು ಚಾಚಿ ಬಂದವರಿಗೆಲ್ಲ ಹೇಳುತ್ತಿದ್ದರು. ಸಾಹೇಬರು ತಲೆ ಎತ್ತದೆ, "ಹೇಳಿದ್ದಕ್ಕೇ ಇಷ್ಟು ವರ್ಷ ಜಗಳ ಇಲ್ದೆ ಮಲಗಿದೀಯಾ" ಎನ್ನುತ್ತಿದ್ದರು.

ಇಂಥವರ ಪರಿಚಯ ನನಗಾದದ್ದು ನನ್ನ ದಡ್ಡತನದಿಂದ. ಅದನ್ನು ಹೇಳಬೇಕಾದರೆ ಮೊದಲು ನನ್ನ ಕಾರಿನ ಕಥೆ ಹೇಳಬೇಕು.

ಆಗ ತಾನೇ ಯುದ್ಧ ಮುಗಿದಿತ್ತು. ನಾನು ಊರಿನ ಪೂರ್ವಕ್ಕಿದ್ದ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಯುದ್ಧ ನಿಂತಿತು, ರಿಪೇರಿಗೆ ಬರುವ ವಿಮಾನಗಳು ನಿಂತವು, ನನ್ನಂಥವರನ್ನು ಮನೆಗೆ ಕಳಿಸಿದರು. ಮನೆಯಲ್ಲಿ ಅಪ್ಪ ಕಾದಿದ್ದರು. ಅಪ್ಪನೆಂದರೆ ಹಲಸೂರಿನ ಜಟಕಾ ಮುನಿಯಪ್ಪ. ಜೋಗುಪಾಳ್ಯದಲ್ಲಿ ನಮ್ಮ ಮನೆ, ಮನೆಗೆ ಅಂಟಿಕೊಂಡ ಲಾಯ, ಲಾಯದಲ್ಲಿ ಚಂದ್ರಿ ಎಂಬ ಬಿಳಿ ಕುದುರೆ ಮತ್ತು ಅದರ ಪಕ್ಕದಲ್ಲಿ ಇನ್ನೊಂದು ಕುದುರೆ. ಆ ಇನ್ನೊಂದು ಕುದುರೆಗೂ ಅದರ ಜಟಕಾಕ್ಕೂ ಒಬ್ಬ ಸಾರಥಿ ಬೇಕಾಗಿತ್ತು. ಅಪ್ಪನ ಕಣ್ಣು ನನ್ನ ಮೇಲಿತ್ತು. ನನಗೆ ಕುದುರೆ ಕಂಡರೆ ಆಗದು ಎಂದಲ್ಲ. ಕುದುರೆಗೇ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಕೈ ಸ್ಪ್ಯಾನರಿಗೆ ಒಗ್ಗಿತ್ತು, ಮನಸ್ಸೂ ಅಲ್ಲೇ ಇತ್ತು.

ಇಂಥ ಹೊತ್ತಿನಲ್ಲಿ, ಹಡಗು ಹತ್ತುವ ಆತುರದಲ್ಲಿದ್ದ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ನು ತನ್ನ ಸ್ಪೋರ್ಟ್ಸ್ ಕಾರನ್ನು ನನ್ನ ತಲೆಗೆ ಕಟ್ಟಿ ಹೋದ. ಕಟ್ಟಿದ ಎನ್ನುವುದು ಅಪ್ಪನ ಮಾತು. ನಾನಾಗಿ ಕೈಮುಗಿದು ಬೇಡಿ ತಂದದ್ದು ನಿಜ. ಎಲೆಹಸಿರು ಬಣ್ಣ, ಮುಂದೆ ಉದ್ದನೆಯ ಮೂಗು, ಸೈಕಲ್ಲಿನಂತೆ ಕಡ್ಡಿ ಕಡ್ಡಿಯ ಚಕ್ರ, ನಡುವೆ ಇಬ್ಬರು ಮೈ ಮುದುಡಿ ಕೂರುವಷ್ಟು ಜಾಗ. ನೋಡಿದರೆ ನಿಂತಲ್ಲೇ ಓಡುತ್ತಿದೆ ಅನ್ನಿಸಬೇಕು. ನಿಂತಲ್ಲೇ ಎಂಬುದೇ ಅದರ ತೊಂದರೆ. ಎಂಜಿನ್ನಿನ ಹೊಟ್ಟೆ ಒಡೆದು ಹೋಗಿತ್ತು. ಕ್ಯಾಪ್ಟನ್ನನ ಬಂಗಲೆಯಿಂದ ಜೋಗುಪಾಳ್ಯದವರೆಗೆ ಅದನ್ನು ಎಳೆದು ತಂದದ್ದು ಚಂದ್ರಿ. ಮುಂದೆ ಕುದುರೆ, ಹಿಂದೆ ಸ್ಪೋರ್ಟ್ಸ್ ಕಾರು, ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ನಾನು. ಹಲಸೂರು ಬಜಾರಿನ ಹೂವಿನವರು, ಹಿಟ್ಟಿನ ಗಿರಣಿಯವರು, ಎಲ್ಲ ಹೊರಗೆ ಬಂದು ನಿಂತರು. ಮದುವೆ ಮೆರವಣಿಗೆಗೂ ಅಷ್ಟು ಜನ ಸೇರಿದ್ದು ಕಾಣೆ.

ಮನೆ ಮುಂದೆ ನಿಲ್ಲಿಸಿದ ಮೇಲೆ ಅಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಒಳಗೆ ಇಣುಕಿದರು.

"ಇಬ್ರಿಗೇನಾ ಜಾಗ? ನಿಮ್ಮಮ್ಮ ಎಲ್ಲಿ ಕೂರ್ತಾಳೆ?"

ಅಪ್ಪ ಚಂದ್ರಿಯ ಬೆನ್ನು ತಟ್ಟುತ್ತ ಹೇಳಿದರು: "ಶಿವರಾತ್ರಿವರ್ಗೂ ನೋಡ್ತೀನಿ ಕಿಟ್ಟ. ಅಷ್ಟರಲ್ಲಿ ಇದು ತಾನಾಗೇ ಸೋಮೇಶ್ವರನ ಗುಡಿ ಮುಂದೆ ಬಂದು ನಿಂತ್ರೆ, ನೀನು ನಿನ್ನ ಮೋಟಾರ್ ಕೆಲ್ಸ ನೋಡ್ಕೋ, ನಾನು ಅಡ್ಡ ಬರಲ್ಲ. ನಿಲ್ದಿದ್ರೆ ಇದು ಗುಜರಿಗೆ, ನೀನು ಲಗಾಮಿಗೆ."

ಅಮ್ಮ ಒಳಗಿಂದ, "ಹುಡುಗನ್ನ ಯಾಕ್ ಹಿಂಗ್ ಹೆದರಿಸ್ತೀರಿ" ಎಂದಳು. ಆದರೆ ಅಪ್ಪ ಹೆದರಿಸುವವರಲ್ಲ. ಹೇಳಿದ್ದನ್ನು ಮಾಡುವವರು. ಅದೇ ಹೆಚ್ಚಿನ ಹೆದರಿಕೆ.

ಆ ಮಾದರಿಯ ಎಂಜಿನ್ನು ಇಡೀ ದಂಡಿನಲ್ಲಿ, ಎಂದರೆ ಕಂಟೋನ್ಮೆಂಟಿನಲ್ಲಿ, ಎರಡೇ ಕಡೆ ಇದೆ ಎಂದು ತಿಳಿಯಿತು. ಎರಡೂ ಶಿವಾಜಿನಗರದಲ್ಲೇ. ಆಗಿನ್ನೂ ನಾವೆಲ್ಲ ಅದನ್ನು ಬ್ಲಾಕ್‌ಪಲ್ಲಿ ಎನ್ನುತ್ತಿದ್ದೆವು. ಮೊದಲು ಸಿಕ್ಕಿದ್ದು ಗಫೂರ್ ಸಾಹೇಬರ ಅಂಗಡಿ. ನಾನು ಆಸೆಯಿಂದ ಒಳಗೆ ಹೋದೆ. ಸಾಹೇಬರು ಗೋಣಿಚೀಲ ಎಳೆದು ಎಂಜಿನ್ನು ತೋರಿಸಿ, ಬೈಯಲು ಶುರು ಮಾಡಿದರು. ಕೆ.ಆರ್. ಪುರದ ರಸ್ತೆಯಲ್ಲಿ ಹುಣಸೆಮರಕ್ಕೆ ಗುದ್ದಿದ ಕಾರಿನದಂತೆ ಅದು.

"ಅದರ ಸಾಹೇಬನಿಗೆ ಏನೂ ಆಗಿಲ್ಲ, ಹುಣಸೆಮರಕ್ಕೂ ಏನೂ ಆಗಿಲ್ಲ. ಮಧ್ಯೆ ಇದ್ದ ಕಾರು ಹೋಯ್ತು. ಎಂಜಿನ್ ಉಳೀತು ಅಂತಾರೆ. ಏನ್ ಉಳೀತು? ಇಲ್ಲಿ ಬಿರುಕು, ಹಿತ್ತಾಳೆ ಬೆಸುಗೆ ಹಾಕಿದಾರೆ. ಮೂರನೇ ಸಿಲಿಂಡರ್ ಅರ್ಧ ಕೆಲಸ ಮಾಡುತ್ತೆ, ಅರ್ಧ ನಿದ್ದೆ ಮಾಡುತ್ತೆ. ಹೊಗೆ ಬಿಡುತ್ತೆ..."

ನಾನು ಮೂರನೇ ಐಬಿಗೇ ಎದ್ದುಬಿಟ್ಟೆ. ಮಾರುವವನೇ ಇಷ್ಟು ಬೈದರೆ ಕೊಳ್ಳುವವನ ಗತಿ ಏನು? ಮಾರ್ಕೆಟ್ಟಿನ ಚಹಾದಂಗಡಿಯವರೂ ನಕ್ಕರು. "ಗಫೂರ್ ಭಾಯ್ ಹತ್ರ ಎಲ್ಲ ಕೆಟ್ಟಿದ್ದೇ. ಅವರೇ ಹೇಳ್ತಾರಲ್ಲ" ಎಂದರು.

ಎರಡನೆಯ ಅಂಗಡಿಯವನ ಹೆಸರು ಬೇಡ. ಅವನು ನಗುವಿನ ಮನುಷ್ಯ. ಕೂರಲು ಕುರ್ಚಿ ಹಾಕಿದ, ಕುಡಿಯಲು ಗೋಲಿ ಸೋಡಾ ತರಿಸಿದ, ನನ್ನ ಕೈ ನೋಡಿ "ಕೆಲಸಗಾರನ ಕೈ" ಎಂದ. ಅವನ ಎಂಜಿನ್ನು ಮದುವೆ ಮನೆಯ ಬಾಗಿಲಿನಂತೆ ಹೊಳೆಯುತ್ತಿತ್ತು. ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ, ಬೆಕ್ಕು ಗುರುಗುಟ್ಟಿದ ಹಾಗೆ. ಐಬು ಏನಾದರೂ ಇದೆಯೇ ಎಂದು ನಾನು ಕೇಳಿದ್ದಕ್ಕೆ ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, "ಇದರಲ್ಲಿ ಐಬಾ? ನೀವೇ ಹುಡುಕಿ ಕೊಡಿ, ಫ್ರೀಯಾಗಿ ಕೊಡ್ತೀನಿ" ಎಂದ. ನಾನು ಹುಡುಕಿದೆ. ಸಿಗಲಿಲ್ಲ. ಕೊಂಡೆ.

ಕೂರಿಸಿ, ತಂತಿಯೆಲ್ಲ ಕಟ್ಟಿ, ಹೂವು ಮುಡಿಸಿ, ನಿಂಬೆಹಣ್ಣು ಚಕ್ರಕ್ಕಿಟ್ಟು ಹೊರಟೆ. ಹಲಸೂರು ಕೆರೆಯ ಏರಿಯವರೆಗೆ ಅರಸನಂತೆ ಹೋದೆ. ಏರಿಯ ಮೇಲೆ ಒಂದು ನರಳಾಟ, ಒಂದು ಗುದ್ದು, ಆಮೇಲೆ ಮೌನ. ಬಿಚ್ಚಿ ನೋಡಿದರೆ ಎಣ್ಣೆಯ ತುಂಬ ಮರದ ಪುಡಿ. ಸವೆದ ಬೇರಿಂಗುಗಳು ಸದ್ದು ಮಾಡದಿರಲಿ ಎಂದು ಪುಣ್ಯಾತ್ಮ ಗರಗಸದ ಹೊಟ್ಟು ಬೆರೆಸಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಕಾಪಿ ಬರೆದಿದ್ದವನೇ ನಾನು.

ಮತ್ತೆ ಚಂದ್ರಿ ಬಂತು. ಅಪ್ಪ ಹಗ್ಗ ಕಟ್ಟಿ, ಲಗಾಮನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೋ. ಅಭ್ಯಾಸ ಆಗ್ಲಿ" ಎಂದರು. ಏರಿಯಿಂದ ಮನೆಯವರೆಗೆ ಕುದುರೆಯ ಪಕ್ಕದಲ್ಲಿ ನಡೆದು ಬರುವಾಗ ನನಗೆ ನಿಜಕ್ಕೂ ಅಳು ಬಂದಿತ್ತು. ಚಂದ್ರಿ ಒಮ್ಮೆ ತಿರುಗಿ ನೋಡಿತು. ಅದಕ್ಕೂ ನಾನು ಜಟಕಾ ಹೊಡೆಯುವುದು ಇಷ್ಟವಿರಲಿಲ್ಲ ಎಂದು ಕಾಣುತ್ತದೆ.

ಆ ದಿನವೇ ನನಗೆ ಗಫೂರ್ ಸಾಹೇಬರ ನೆನಪಾಯಿತು. ಐಬು ಹುಡುಕಿ ಕೊಡಿ ಎಂದವನು ಮೋಸ ಮಾಡಿದ. ಕೇಳದೆಯೇ ಐಬು ಹೇಳಿದವರನ್ನು ನಾನು ಬಿಟ್ಟು ಓಡಿದ್ದೆ. ಮರುದಿನ ಬೆಳಗ್ಗೆ ಸುಟ್ಟ ಮುಖ ಹೊತ್ತು ಅವರ ಅಂಗಡಿಯ ಮುಂದೆ ನಿಂತೆ. ಸಾಹೇಬರು ತಲೆ ಎತ್ತಿದರು.

"ಬಂದ್ರಾ? ಬನ್ನಿ. ಎಲ್ಲೀವರ್ಗೂ ಹೋಯ್ತು?"

"ಹಲಸೂರು ಕೆರೆ ಏರಿವರ್ಗೂ."

"ಪರವಾಗಿಲ್ಲ. ಕೆಲವರದ್ದು ಈ ಮಾರ್ಕೆಟ್ಟೇ ದಾಟಲ್ಲ. ಜೈನಾಬಿ, ಚಾಯ್ ಮಾಡು. ತಮ್ಮ ವಾಪಸ್ ಬಂದಿದಾನೆ."

ಹೊಟ್ಟು ತುಂಬಿದ ನನ್ನ ಎಂಜಿನ್ನನ್ನು ಕೈಗಾಡಿಯಲ್ಲಿ ತರಿಸಿಕೊಂಡು ನೋಡಿದರು. ಸೀಮೆಸುಣ್ಣ ತೆಗೆದು ಒಂದು ಸೊನ್ನೆ ಬರೆದರು, ಇನ್ನೊಂದು ಬರೆದರು, ಮತ್ತೊಂದು ಬರೆಯಲು ಹೋಗಿ ನಿಲ್ಲಿಸಿದರು. ಕೊನೆಗೆ ಎದ್ದು ನಿಂತು, ನೆಲದ ಮೇಲೆ ಇಡೀ ಎಂಜಿನ್ನಿನ ಸುತ್ತ ಒಂದೇ ಒಂದು ದೊಡ್ಡ ಸೊನ್ನೆ ಎಳೆದುಬಿಟ್ಟರು. ಪರದೆಯ ಹಿಂದೆ ಚಾಚಿ ನಕ್ಕರು. ನಾನೂ ನಕ್ಕೆ. ಏರಿಯ ಮೇಲೆ ನಿಂತ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಅದನ್ನು ಬಿಡಿಭಾಗಕ್ಕೆಂದು ಇಟ್ಟುಕೊಂಡು ಹುಣಸೆಮರದ ಎಂಜಿನ್ನು ಕೊಡಲು ಸಾಹೇಬರು ಒಪ್ಪಿದರು. ಆದರೆ ಸುಮ್ಮನೆ ಅಲ್ಲ. ಅವರದೊಂದು ಕಾಯಿದೆ ಇತ್ತು. ಕೊಳ್ಳುವವನು ಪ್ರತಿಯೊಂದು ಸೊನ್ನೆಯ ಮೇಲೂ ಕೈಯಿಡಬೇಕು, ಐಬು ಏನೆಂದು ಕೇಳಿಸಿಕೊಳ್ಳಬೇಕು, ಆಮೇಲೆ ಬಾಯಿಬಿಟ್ಟು "ನೋಡ್ದೆ" ಎನ್ನಬೇಕು. ಎಲ್ಲ ಸೊನ್ನೆಗೂ "ನೋಡ್ದೆ" ಅಂದ ಮೇಲೆಯೇ ವ್ಯಾಪಾರದ ಮಾತು. ಒಂದಕ್ಕೆ ಅನ್ನದಿದ್ದರೂ ವ್ಯಾಪಾರ ಮುಗಿದಂತಲ್ಲ.

ನನಗೋ ಶಿವರಾತ್ರಿಯ ಅವಸರ. ಟಪಟಪನೆ ಮುಟ್ಟಿ "ನೋಡ್ದೆ, ನೋಡ್ದೆ, ನೋಡ್ದೆ" ಎಂದೆ. ಸಾಹೇಬರು ಗೋಣಿಚೀಲ ಎಳೆದು ಎಂಜಿನ್ನು ಮುಚ್ಚಿದರು.

"ಜಲ್ದಿ ನಕ್ಕೋ ಬೇಟಾ. ಅವಸರ ಬೇಡ. ನೀನು ನೋಡಿಲ್ಲ, ನಿನ್ನ ಬಾಯಿ ನೋಡಿದೆ. ನಾಳೆ ಬಾ."

ಮರುದಿನವೂ ವಾಪಸು ಕಳಿಸಿದರು. ಬೆಸುಗೆ ಹಾಕಿದ ಬಿರುಕಿನ ಮೇಲೆ ಕೈಯಿಟ್ಟು ನಾನು ಅಪ್ಪನ ಲಗಾಮನ್ನು ನೆನೆಯುತ್ತಿದ್ದೆ, ಅದು ಅವರಿಗೆ ಗೊತ್ತಾಗಿಬಿಟ್ಟಿತು. ಮತ್ತೆ ಹೋದಾಗ ನಿಧಾನವಾಗಿ ಕೂತೆ. ಎಂಜಿನ್ನನ್ನು ಮರದ ತೊಲೆಗಳ ಮೇಲೆ ಬಿಗಿದು, ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿದರು. ನೀಲಿ ಹೊಗೆ ಗಲ್ಲಿ ತುಂಬಿತು. ಒಂದೊಂದು ಐಬನ್ನೂ ಬೆರಳಿನಿಂದ ತಡವಿ ನೋಡಿದೆ, ಕಿವಿಯಿಟ್ಟು ಕೇಳಿದೆ. ಒಂದೊಂದಕ್ಕೂ ಅರ್ಥವಾದ ಮೇಲೆಯೇ "ನೋಡ್ದೆ" ಎಂದೆ. ಹಾಗೆ ನೋಡುತ್ತ ನೋಡುತ್ತ ಆ ಹೊಗೆಯುಗುಳುವ ಮುದಿ ಎಂಜಿನ್ನಿನ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿತು.

ಮುಗಿಯಿತೆಂದು ಏಳಹೊರಟರೆ ಸಾಹೇಬರು ಕೈ ಹಿಡಿದು ಕೂರಿಸಿದರು. ಎಂಜಿನ್ನಿನ ಪಕ್ಕದಲ್ಲಿ ಬರಿಯ ನೆಲದ ಮೇಲೆ ಒಂದು ಸೊನ್ನೆ ಬರೆದರು. ಒಳಗೆ ಏನೂ ಇಲ್ಲ, ಮಣ್ಣು ಅಷ್ಟೆ.

"ಇದೇನ್ ಸಾಹೇಬ್ರೇ?"

"ಕಾದ ಮೇಲೆ ಒಂದು ಟಕಟಕ ಸದ್ದು ಬರ್ತಿದೆ, ಕೇಳಿಸ್ತಾ? ಎಲ್ಲಿಂದ ಅಂತ ನಂಗೆ ಗೊತ್ತಿಲ್ಲ. ಬಿಚ್ಚಿದೆ, ಹುಡುಕಿದೆ, ಸಿಗಲಿಲ್ಲ. ಇದು ನಂಗೆ ಗೊತ್ತಿಲ್ದಿರೋ ಐಬು. ಇದನ್ನೂ ಮುಟ್ಟು."

"ಗೊತ್ತಿಲ್ದಿದ್ದನ್ನ ಹೆಂಗ್ ಮುಟ್ಟೋದು?"

"ಗೊತ್ತಿಲ್ಲ ಅಂತ ಮುಟ್ಟು."

ನಾನು ಬಗ್ಗಿ ಆ ನೆಲವನ್ನು ಮುಟ್ಟಿ "ನೋಡ್ದೆ" ಎಂದೆ. ಸಾಹೇಬರ ಮುಖ ಅರಳಿತು. ಅಂದಿನಿಂದ ಅವರ ಬಾಯಲ್ಲಿ ನಾನು "ತಮ್ಮ" ಹೋಗಿ "ಕಿಟ್ಟ" ಆದೆ.

ಶಿವರಾತ್ರಿಯ ಸಂಜೆ ಸೋಮೇಶ್ವರನ ಗುಡಿಯ ಮುಂದೆ ಜನವೋ ಜನ. ಅಪ್ಪ ಒಂದು ಬದಿಗೆ ಚಂದ್ರಿಯನ್ನು ಹಿಡಿದು ನಿಂತಿದ್ದರು. ಕರೆದುಕೊಂಡು ಬಂದದ್ದು ಏಕೆಂದು ನಾನು ಕೇಳಲಿಲ್ಲ, ಹಗ್ಗವೂ ಜಟಕಾದಲ್ಲಿ ಕಾಣುತ್ತಿತ್ತು. ನಾನು ಜೋಗುಪಾಳ್ಯದಿಂದ ಹೊರಟು, ಬಜಾರಿನ ನಡುವೆ ಹಾರನ್ನು ಒತ್ತುತ್ತ, ಹಿಂದೆ ನೀಲಿ ಹೊಗೆಯ ಬಾಲ ಎಳೆಯುತ್ತ ಬಂದೆ. ಗುಡಿಯ ಮುಂದೆ ಬ್ರೇಕು ಹಾಕಿದೆ. ಕಾರು ನಿಂತಿತು. ಎಂಜಿನ್ನು ನಿಲ್ಲಲಿಲ್ಲ, ನಡೆಯುತ್ತಲೇ ಇತ್ತು. ಅಪ್ಪ ಹತ್ತಿರ ಬಂದರು.

"ಹೊಗೆ ಬರ್ತಿದೆ" ಎಂದರು.

"ಗೊತ್ತಪ್ಪ."

ಬಗ್ಗಿ ಕೆಳಗೆ ನೋಡಿದರು. "ಎಣ್ಣೆ ತೊಟ್ಟಿಕ್ತಿದೆ."

"ಅದೂ ಗೊತ್ತು."

ಕಿವಿಗೊಟ್ಟು ಕೇಳಿದರು. ಕುದುರೆಯ ಉಸಿರು ಕೇಳಿ ಬೆಳೆದ ಕಿವಿ ಅದು. "ಏನೋ ಟಕಟಕ ಅಂತಿದೆಯಲ್ಲ."

"ಅದೇನು ಅಂತ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಹೇಳಿ ಕೊಟ್ಟಿದಾರೆ."

ಅಪ್ಪ ನೆಟ್ಟಗೆ ನಿಂತರು. "ಯಾರದು, ಗೊತ್ತಿಲ್ಲ ಅಂತ ಹೇಳಿ ಮಾರೋನು?"

"ಬ್ಲಾಕ್‌ಪಲ್ಲಿ ಗಫೂರ್ ಸಾಹೇಬ್ರು."

"ಗಫೂರ್?" ಅಪ್ಪ ಕೇಳಿದರು, "ಕುದುರೆ ಹುಸೇನ್ ಸಾಹೇಬರ ಮಗನಾ?"

ಆಗ ಹೊರಬಿತ್ತು ಆ ಸೀಮೆಸುಣ್ಣದ ಮೂಲ. ಗಫೂರ್ ಸಾಹೇಬರ ತಂದೆ ದಂಡಿನ ಸವಾರರಿಗೂ ಜಟಕಾದವರಿಗೂ ಕುದುರೆ ಮಾರುತ್ತಿದ್ದವರು. ಕುದುರೆಯಲ್ಲಿ ಕೆಟ್ಟ ಸುಳಿಯಿದ್ದರೆ, ಒದೆಯುವ ಚಾಳಿಯಿದ್ದರೆ, ಕಣ್ಣು ಮಂಜಾಗಿದ್ದರೆ, ಸುಣ್ಣದಿಂದ ಗುರುತು ಹಾಕಿ, ಕೊಳ್ಳುವವನ ಕೈಯನ್ನು ಅಲ್ಲಿಡಿಸಿ "ನೋಡ್ದೆ" ಅನ್ನಿಸುವುದು ಅವರ ಪದ್ಧತಿ. ಕುದುರೆ ವ್ಯಾಪಾರ ಮೋಟಾರಿನಿಂದ ಮುಳುಗಿತು, ಮಗ ಮೋಟಾರಿನ ಗುಜರಿ ಇಟ್ಟ, ಅಪ್ಪನ ಸುಣ್ಣವನ್ನು ಮಾತ್ರ ಬಿಡಲಿಲ್ಲ.

"ಚಂದ್ರಿ ತಾಯೀನ ನಾನು ತಗೊಂಡಿದ್ದು ಅವರ ಹತ್ರಾನೇ" ಎಂದರು ಅಪ್ಪ. "ಇದಕ್ಕೆ ಕೊಡೆ ಕಂಡ್ರೆ ಭಯ, ಕೊಡೆ ಬಿಚ್ಚಿದ್ರೆ ಮುಂಗಾಲು ಎತ್ತುತ್ತೆ ಅಂತ ಹೇಳಿ, ಹಣೆ ಮುಟ್ಟಿಸಿ, ನೋಡ್ದೆ ಅನ್ಸಿ ಕೊಟ್ರು. ಈ ದಂಡಿನಲ್ಲಿ ಎಷ್ಟು ಮೇಮ್ ಸಾಹೇಬ್ರು, ಎಷ್ಟು ಕೊಡೆ. ಒಂದು ದಿನಾನೂ ಅದು ನನ್ನ ಬೀಳಿಸ್ಲಿಲ್ಲ. ಯಾಕೆ? ಮೊದ್ಲೇ ಗೊತ್ತಿತ್ತಲ್ಲ, ಕೊಡೆ ಕಂಡ ಕಡೆ ನಾನೇ ಸುತ್ತು ಹಾಕ್ತಿದ್ದೆ."

ಆಮೇಲೆ ಅಪ್ಪ ಜಟಕಾದ ಹಗ್ಗವನ್ನು ಸುತ್ತಿ ಸೀಟಿನ ಕೆಳಗೆ ಹಾಕಿದರು. "ಹಾಗಾದ್ರೆ ಸರಿ. ನಿಮ್ಮಮ್ಮನ್ನ ಕೂರಿಸ್ಕೊಂಡು ಒಂದು ಸುತ್ತು ಹೋಗ್ಬಾ" ಎಂದರು. ಅಮ್ಮ ಕಾರಿನಲ್ಲಿ ಕೂತಳು, ಒಂದು ಕೈಯಲ್ಲಿ ಪೂಜೆಯ ಬುಟ್ಟಿ, ಇನ್ನೊಂದು ಕೈಯಲ್ಲಿ ನನ್ನ ಅಂಗಿ. ಕೆರೆ ಸುತ್ತಿ ಬರುವವರೆಗೂ ಎರಡನ್ನೂ ಬಿಡಲಿಲ್ಲ.

ಹೀಗೆ ನಾನು ಮೆಕ್ಯಾನಿಕ್ಕಾದೆ. ಮರ್ಫಿ ಟೌನಿನ ಅಂಚಿನಲ್ಲಿ ಹೊಂಗೆಮರದ ಕೆಳಗೆ ನನ್ನ ಗ್ಯಾರೇಜು. ಸಾಹೇಬರ ಅಂಗಡಿಯಲ್ಲಿ ಎಂಜಿನ್ನು ಕೊಂಡವರು ಕೂರಿಸಲು ನನ್ನ ಬಳಿ ಬರುತ್ತಿದ್ದರು. ಕಳಿಸುವುದನ್ನೂ ಅವರು ತಮ್ಮ ಪದ್ಧತಿಯಲ್ಲೇ ಕಳಿಸುತ್ತಿದ್ದರು: "ಎಂಜಿನ್ ಐಬು ಹೇಳಾಯ್ತು. ಕೂರಿಸೋನ ಐಬೂ ಕೇಳ್ಕೊಳಿ. ಕೆಲಸ ಚೆನ್ನಾಗ್ ಮಾಡ್ತಾನೆ, ಹೇಳಿದ್ ದಿನಕ್ಕೆ ಕೊಡಲ್ಲ." ಬಂದವರು ನನ್ನ ಭುಜ ಮುಟ್ಟಿ "ನೋಡ್ದೆ" ಎಂದು ನಗುತ್ತಿದ್ದರು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ಗಮನಿಸಿದೆ, ತಡವಾಯಿತೆಂದು ಯಾರೂ ನನ್ನೊಡನೆ ಜಗಳ ಕಾಯುತ್ತಿರಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನನ್ನ ಮದುವೆಯ ಕಾಲಕ್ಕೆ ಸುಳ್ಳು ಹೇಳಬೇಕಾದ ಕಡೆಯಲ್ಲೇ ಗಫೂರ್ ಸಾಹೇಬರು ಕೂತಿದ್ದರು. ಕೆ.ಆರ್. ಪುರದ ತೋಟದ ನಂಜುಂಡಪ್ಪನವರು ಮಗಳನ್ನು ನನಗೆ ಕೊಡುವ ಯೋಚನೆಯಲ್ಲಿ, ಹುಡುಗ ಹೇಗೆ ಎಂದು ವಿಚಾರಿಸಲು ಹಲಸೂರಿಗೆ ಬಂದವರು, ಯಾರೋ ಹೇಳಿದ್ದನ್ನು ಕೇಳಿ ನೆಟ್ಟಗೆ ಬ್ಲಾಕ್‌ಪಲ್ಲಿಗೆ ಹೋಗಿಬಿಟ್ಟರು. ಸುದ್ದಿ ತಿಳಿದ ಅಮ್ಮ "ಮುಗೀತು, ಈ ಸಂಬಂಧ ಮುಗೀತು" ಎಂದು ತಲೆಯ ಮೇಲೆ ಕೈಹೊತ್ತು ಕೂತಳು.

ಅಲ್ಲಿ ನಡೆದದ್ದನ್ನು ಆಮೇಲೆ ಚಾಚಿ ನನಗೆ ನಟಿಸಿ ತೋರಿಸಿದರು. ಸಾಹೇಬರು ಅತಿಥಿಯನ್ನು ಕೂರಿಸಿ, ಚಹಾ ಕೊಟ್ಟು, ಶುರು ಮಾಡಿದರಂತೆ. "ಹುಡುಗ್ನಿಗೆ ಕೋಪ ಬೇಗ. ಇಳಿಯೋದೂ ಬೇಗ, ಆದ್ರೆ ಅಷ್ಟರಲ್ಲಿ ಒಂದು ಸ್ಪ್ಯಾನರ್ ಎಸೆದಿರ್ತಾನೆ. ಊಟಕ್ ಕರೆದ್ರೆ ಬಂದೆ ಅಂತಾನೆ, ಬರಲ್ಲ. ಉಗುರಿನ ಗ್ರೀಸು ಈ ಜನ್ಮದಲ್ಲಿ ಹೋಗಲ್ಲ. ಕೆಲಸ ಮಾಡ್ವಾಗ ಹಾಡ್ತಾನೆ, ಅದು ಎಲ್ಲಕ್ಕಿಂತ ದೊಡ್ಡ ಐಬು." ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಸೊನ್ನೆ ಬರೆದು, "ಇದು ನಂಗೆ ಗೊತ್ತಿಲ್ದಿರೋದು. ಗಂಡು ಅಂದ್ಮೇಲೆ ಏನೋ ಒಂದು ಇದ್ದೇ ಇರುತ್ತೆ. ಮುಟ್ಟಿ" ಎಂದರಂತೆ. ನಂಜುಂಡಪ್ಪನವರು ಶಲ್ಯ ಸರಿಮಾಡಿಕೊಂಡು, ಬಗ್ಗಿ, ಮುಟ್ಟಿದರಂತೆ.

ಎರಡು ದಿನದಲ್ಲಿ ಒಪ್ಪಿಗೆ ಬಂತು. ಅಪ್ಪ ಬೀಗರನ್ನು ಕೇಳಿಯೇ ಬಿಟ್ಟರು, ಅಷ್ಟೆಲ್ಲ ಕೇಳಿದ ಮೇಲೂ ಹೇಗೆ ಒಪ್ಪಿದಿರಿ ಎಂದು. ನಂಜುಂಡಪ್ಪನವರು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು, "ಇದಕ್ ಮುಂಚೆ ಇನ್ನಿಬ್ರು ಹುಡುಗ್ರನ್ನ ವಿಚಾರಿಸ್ದೆ. ಇಬ್ರಲ್ಲೂ ಒಂದು ಐಬೂ ಇಲ್ಲ ಅಂದ್ರು. ನಂಗೆ ಭಯ ಆಯ್ತು."

ಮದುವೆಯಾಗಿ ಬಂದ ನನ್ನ ಹೆಂಡತಿ ಪುಟ್ಟಲಕ್ಷ್ಮಿಗೆ ಈ ಕಥೆ ಬಾಯಿಪಾಠ. ನಾನು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಹಾಕಿದ್ದು ಕಂಡ ದಿನ, "ಇದು ಸಾಹೇಬ್ರು ಹೇಳಿದ್ದಾ, ಇಲ್ಲ ಆ ಬರೀ ಸೊನ್ನೆ ಒಳಗಿದ್ದಾ?" ಎಂದು ಕೇಳಿದಳು. ಆ ಸೊನ್ನೆಯೊಳಗಿಂದ ಅವಳು ಇಂದಿಗೂ ಒಂದೊಂದಾಗಿ ಹೆಕ್ಕುತ್ತಲೇ ಇದ್ದಾಳೆ.

ಸಾಹೇಬರ ಕೊನೆಯ ದಿನಗಳು ನಲವತ್ತರ ದಶಕದ ಕಡೆಯಲ್ಲಿ ಬಂದವು. ಆ ಹೊತ್ತಿಗೆ ಬ್ಲಾಕ್‌ಪಲ್ಲಿಯ ಹೆಸರು ಬೋರ್ಡುಗಳ ಮೇಲೆ ಶಿವಾಜಿನಗರ ಆಗುತ್ತಿತ್ತು, ಹಸಿರು ಕಾರು ಹಳೆಯದಾಗಿತ್ತು, ನಾನು ಸ್ವಲ್ಪ ದಪ್ಪಗಾಗಿದ್ದೆ. ಒಂದು ಬೆಳಗ್ಗೆ ಚಾಚಿ ಹೇಳಿಕಳಿಸಿದರು, ಕಾರು ತೆಗೆದುಕೊಂಡು ಬಾ, ಇವರು ನಿನ್ನ ಎಂಜಿನ್ನಿನ ಸದ್ದು ಕೇಳಬೇಕಂತೆ ಎಂದು.

ಹೋದೆ. ಅಂಗಡಿಯ ಮುಂದೆ ಬಿಸಿಲಿಗೆ ಹಗ್ಗದ ಮಂಚ ಹಾಕಿ ಸಾಹೇಬರು ಒರಗಿಕೊಂಡಿದ್ದರು. ಮೈ ಇಳಿದಿತ್ತು. ವೇಸ್ಟ್‌ಕೋಟು ದೊಡ್ಡದಾಗಿ ಕಾಣುತ್ತಿತ್ತು. ಕಾರು ಗಲ್ಲಿಗೆ ತಿರುಗಿದ್ದೇ ಕಣ್ಣು ಮುಚ್ಚಿ ಕೇಳಿದರು.

"ಆ ಟಕಟಕ ಇನ್ನೂ ಇದೆ. ಸಿಕ್ತಾ ಎಲ್ಲಿಂದ ಅಂತ?"

"ಇಲ್ಲ ಸಾಹೇಬ್ರೇ. ಮೂರು ಸಲ ಬಿಚ್ಚಿದೆ."

"ಬಿಡು, ಹುಡುಕ್ಬೇಡ. ಅದರ ಪಾಡಿಗೆ ಅದು ಇದೆ."

ಹತ್ತಿರ ಹೋದಾಗ ಕಂಡೆ. ವೇಸ್ಟ್‌ಕೋಟಿನ ಎಡಗಡೆ, ಎದೆಯ ಮೇಲೆ, ಸೀಮೆಸುಣ್ಣದ ಒಂದು ಸೊನ್ನೆ.

"ಡಾಕ್ಟರ್ ಹೇಳಿದ, ಐಬು ಇಲ್ಲಿದೆ ಅಂತ" ಎಂದರು ಸಾಹೇಬರು. "ಊರೋರ ಸಾಮಾನಿಗೆಲ್ಲಾ ಸೊನ್ನೆ ಹಾಕಿದೀನಿ. ನಂದು ಮುಚ್ಚಿಟ್ರೆ ಸರಿಯಾಗುತ್ತಾ? ಬಂದೋರೆಲ್ಲ ಮುಟ್ಟಿ ಹೇಳಿದಾರೆ. ನೀನೊಬ್ಬ ಬಾಕಿ."

"ಹುಚ್ಚು, ಪೂರಾ ಹುಚ್ಚು" ಎಂದರು ಪರದೆಯ ಹಿಂದೆ ಚಾಚಿ. ದನಿ ಒದ್ದೆಯಾಗಿತ್ತು.

ಸಾಹೇಬರು ನನ್ನ ಕೈ ಹಿಡಿದು ಆ ಸೊನ್ನೆಯ ಮೇಲೆ ಇಟ್ಟುಕೊಂಡರು. ಅಂಗೈಯ ಕೆಳಗೆ ಅವರ ಎದೆ ಬಡಿಯುತ್ತಿತ್ತು, ನಡುವೆ ಒಂದು ಬಡಿತ ತಪ್ಪಿ, ಮತ್ತೆ ಓಡಿ ಬಂದು ಸೇರಿಕೊಳ್ಳುತ್ತಿತ್ತು. ನಾನು ಎಂಜಿನ್ನುಗಳ ಸದ್ದು ಕೇಳಿಯೇ ಅನ್ನ ತಿಂದವನು. ಇನ್ನೆಷ್ಟು ದಿನ ಎಂದು ನನಗೆ ತಿಳಿದುಬಿಟ್ಟಿತು.

"ನೋಡ್ದೆ ಅನ್ನು" ಎಂದರು.

ಆ ಮಾತು ಹೇಳಿದರೆ ವ್ಯಾಪಾರ ಮುಗಿಯಿತು ಎಂದೇ ಅವರ ಕಾಯಿದೆ. ಹೇಳದಿದ್ದರೆ ಮುಗಿಯುವುದಿಲ್ಲ.

"ಇನ್ನೂ ಸರಿಯಾಗಿ ನೋಡಿಲ್ಲ ಸಾಹೇಬ್ರೇ" ಎಂದೆ. "ಜಲ್ದಿ ನಕ್ಕೋ ಅಂತ ನೀವೇ ಹೇಳ್ಕೊಟ್ಟಿದ್ದು. ನಾಳೆ ಬಂದು ನೋಡ್ತೀನಿ."

ಸಾಹೇಬರು ಮೊದಲು ನನ್ನನ್ನೇ ನೋಡಿದರು, ಆಮೇಲೆ ಮಂಚ ಅಲ್ಲಾಡುವಂತೆ ನಕ್ಕರು. ಮರುದಿನ ಹೋದೆ, ಕೈಯಿಟ್ಟೆ, "ಇನ್ನೂ ಇಲ್ಲ" ಎಂದೆ. ಅದರ ಮರುದಿನವೂ ಹಾಗೆಯೇ. ಅದೇ ನಮ್ಮಿಬ್ಬರ ಆಟವಾಯಿತು. ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲು ಶಿವಾಜಿನಗರಕ್ಕೆ ಹೋಗಿ, ಚಹಾ ಕುಡಿದು, ಸೊನ್ನೆ ಮುಟ್ಟಿ, ಬೈಸಿಕೊಂಡು ಬರುತ್ತಿದ್ದೆ. ಸೊನ್ನೆ ಮಸುಕಾದರೆ ಅವರೇ ಮತ್ತೆ ತಿದ್ದಿಕೊಂಡಿರುತ್ತಿದ್ದರು.

ಒಂದು ದಿನ ಹೋದಾಗ ಹಗ್ಗದ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮಣ್ಣು ಮಾಡಿ ಬಂದ ಮೇಲೆ ಚಾಚಿ ನನ್ನನ್ನು ಪರದೆಯ ಒಳಗೆ ಕರೆದರು. ಮೊಳೆಗೆ ವೇಸ್ಟ್‌ಕೋಟು ತೂಗುಹಾಕಿದ್ದರು. ಸೊನ್ನೆ ಇನ್ನೂ ಅಳಿಸಿರಲಿಲ್ಲ. ನಾನು ಅದರ ಮೇಲೆ ಅಂಗೈ ಇಟ್ಟೆ. ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ "ನೋಡ್ದೆ ಸಾಹೇಬ್ರೇ" ಎಂದೆ.